ತೇರಗಾಂವದ ಕೌದಿಗೆ ಹೆಸರು ಹಚ್ಚಿದ್ದು

ಈಗಿನವರು ಈ ಕೆಲಸವನ್ನು ‘ಎಸ್‌ಇಒ’ ಎಂದು ಮೂರು ಇಂಗ್ಲಿಷ್ ಅಕ್ಷರಗಳಲ್ಲಿ ಹೇಳಿ ಮುಗಿಸುತ್ತಾರೆ. ನಾವು ಶುರು ಮಾಡಿದಾಗ ಹಳಿಯಾಳದಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. ನಮ್ಮ ಮಾಲೀಕರಾದ ಪ್ರಹ್ಲಾದರಾಯರು ‘ಹೆಸರು ಹಚ್ಚೂದು’ ಎನ್ನುತ್ತಿದ್ದರು. ಮಕ್ಕಳ ಹೆಸರನ್ನು ಸಾಲಿಗೆ, ಅಂದರೆ ಶಾಲೆಗೆ, ಹಚ್ಚುತ್ತೇವಲ್ಲ, ಹಾಗೆಯೇ ವೆಬ್‌ಸೈಟಿನ ಹೆಸರನ್ನು ಸರ್ಚ್ ಎಂಜಿನ್ನಿಗೆ ಹಚ್ಚುವುದು. ಯಾರಾದರೂ ಎಲ್ಲೋ ಕೂತು ಹುಡುಕಿದಾಗ ಹಾಜರಿ ಕರೆದಂತಾಗಬೇಕು, ನಮ್ಮ ಸೈಟು ‘ಎಸ್ ಸಾರ್’ ಎಂದು ಏಳಬೇಕು. ಇಷ್ಟೇ ಕೆಲಸ. ಇಷ್ಟಕ್ಕೇ ನನ್ನ ಅರ್ಧ ಆಯುಷ್ಯ ಹೋಯಿತು.

ನಾನು ನಿವೃತ್ತಳಾದ ದಿನ ಆಫೀಸಿನ ಹುಡುಗಿಯರು ಸುತ್ತ ಕೂತು, “ಸುಮಂಗಲಾ ಮೇಡಂ, ಹೋಗೂಕಿಂತ ಮದಲ ಒಂದ್ ನಾಲ್ಕು ಟಿಪ್ಸ್ ಹೇಳಿ ಹೋಗ್ರಿ” ಎಂದರು. ಟಿಪ್ಸ್ ಎಂದ ಕೂಡಲೇ ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಹಳಿಯಾಳಕ್ಕೆಲ್ಲ ಗೊತ್ತಿರುವ ಸಂಗತಿ. ಟಿಪ್ಸ್ ಬೇಕಾದವರಿಗೆ ಅಂತರ್ಜಾಲದ ತುಂಬ ಬೇಕಾದಷ್ಟು ಬಿದ್ದಿವೆ. ನಾನು ಎಲ್ಲಿ ಎಡವಿದೆ, ಯಾರ ಮುಂದೆ ತಲೆ ತಗ್ಗಿಸಿ ನಿಂತೆ ಎಂಬುದನ್ನು ಬರೆದಿಡುತ್ತೇನೆ. ಓದಿದರೆ ಓದಲಿ, ಬಿಟ್ಟರೆ ಬಿಡಲಿ.

ಮೊದಲು ರಾಯರ ವಿಷಯ. ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಅವರದೊಂದು ಟೈಪಿಂಗ್ ಶಾಲೆ ಇತ್ತು. ನಾನು ಅಲ್ಲೇ ಕಲಿತು ಅಲ್ಲೇ ಕಲಿಸಲು ನಿಂತವಳು. ತೊಂಬತ್ತರ ದಶಕ ಮುಗಿಯುತ್ತ ಬಂದಂತೆ ಟೈಪಿಂಗಿಗೆ ಜನ ಬರುವುದು ಕಡಿಮೆಯಾಯಿತು. ರಾಯರು ಯಾರಿಗೂ ಹೇಳದೆ ಹುಬ್ಬಳ್ಳಿಗೆ ಹೋಗಿ ಎರಡು ಕಂಪ್ಯೂಟರು, ಒಂದು ಮೋಡೆಮ್ ತಂದು ಇಳಿಸಿದರು. “ಏನವಾ ಸುಮಂಗಲಾ, ಇನ್ನ ಇದನ್ನ ಕಲಿ. ಕೀಲಿ ಎಲ್ಲಾ ಅವ ಅವ, ಪರದೆ ಒಂದ ಹೊಸಾದು” ಎಂದರು. ಅಷ್ಟು ಸಸಾರವಾಗಿ ಹೇಳಿದ್ದರಿಂದಲೇ ನಾನು ಕಲಿತೆ ಅನಿಸುತ್ತದೆ.

ರಾಯರ ಒಂದೇ ದೌರ್ಬಲ್ಯ ಪಂಚಾಂಗ. ಮೋಡೆಮ್ಮಿನ ಪಕ್ಕದ ಮೊಳೆಗೆ ಅದು ಯಾವಾಗಲೂ ನೇತಾಡುತ್ತಿತ್ತು. ರಾಹುಕಾಲದಲ್ಲಿ ಇಂಟರ್ನೆಟ್ಟಿಗೆ ಫೋನ್ ಹಚ್ಚಬಾರದು. ಹಚ್ಚಿದಾಗ ಲೈನ್ ಸಿಗದಿದ್ದರೆ, “ನಾ ಹೇಳಿದ್ದಿಲ್ಲಾ?” ಎಂದು ನನ್ನ ಕಡೆ ನೋಡುತ್ತಿದ್ದರು. ಶುಭ ಗಳಿಗೆಯಲ್ಲೂ ಲೈನ್ ಸಿಗುತ್ತಿರಲಿಲ್ಲ ಎಂಬುದು ಬೇರೆ ಮಾತು.

ಆಗ ಹೆಸರು ಹಚ್ಚುವುದೆಂದರೆ ಅರ್ಜಿ ತುಂಬುವುದು. ಸೈಟಿನ ವಿಳಾಸ, ಯಾವ ವಿಭಾಗ, ಇಪ್ಪತ್ತೈದು ಪದ ಮೀರದ ಹಾಗೆ ವಿವರಣೆ. ಕೆಲವು ಕಡೆ ಆ ಅರ್ಜಿಯನ್ನು ಮನುಷ್ಯರೇ ಕೂತು ಓದುತ್ತಿದ್ದರು, ತಿಂಗಳುಗಟ್ಟಲೆ ಉತ್ತರವಿರುತ್ತಿರಲಿಲ್ಲ. ಆಮೇಲೆ ಯಂತ್ರಗಳು ಬಂದವು. ಜನಗಣತಿಯವರು ಮನೆ ಮನೆಗೆ ಬಂದು ಬರೆದುಕೊಂಡು ಹೋಗುವಂತೆ, ಸರ್ಚ್ ಎಂಜಿನ್ನಿನ ಯಂತ್ರ ತಾನೇ ಸೈಟಿನಿಂದ ಸೈಟಿಗೆ ಬಂದು ಪುಟ ಓದಿಕೊಂಡು ಹೋಗುತ್ತಿತ್ತು. ಅದಕ್ಕೆ ಓದಲು ಬರುತ್ತದೆ, ನೋಡಲು ಬರುವುದಿಲ್ಲ. ಇದನ್ನು ಜೋಯಿಡಾದಲ್ಲಿ ಪ್ರವಾಸಿಗರಿಗೆ ಕಾಡು ತೋರಿಸುವ ಒಬ್ಬ ಜೀಪಿನವರಿಗೆ ತಿಳಿಸಿ ಹೇಳಲು ನನಗೆ ಒಂದು ವಾರ ಹಿಡಿಯಿತು. ಅವರು ಬಣ್ಣದ ಕರಪತ್ರ ಅಚ್ಚು ಹಾಕಿಸಿಕೊಂಡು ಬಂದು, ಇದನ್ನೇ ಫೋಟೊ ತೆಗೆದು ಸೈಟಿಗೆ ಏರಿಸಿ ಎಂದರು. ಕಾಡು, ಹಾರ್ನ್‌ಬಿಲ್ ಹಕ್ಕಿ, ಜೀಪು ಎಲ್ಲ ಅಂದವಾಗಿಯೇ ಇದ್ದವು. ಯಂತ್ರದ ಪಾಲಿಗೆ ಮಾತ್ರ ಅದು ಖಾಲಿ ಗೋಡೆ.

ದಾಂಡೇಲಿಯ ಒಬ್ಬ ಲಾಡ್ಜಿನವರದು ಬೇರೆ ಕಥೆ. ನದಿಯಲ್ಲಿ ದೋಣಿ ಬಿಡುವುದು ಆಗಷ್ಟೇ ಶುರುವಾಗಿತ್ತು, ಅದಕ್ಕಾಗಿ ಜನ ಹತ್ತಿರದ ಮೌಳಂಗಿಗೆ ಬರತೊಡಗಿದ್ದರು. ಲಾಡ್ಜಿನವರಿಗೆ ದಾಂಡೇಲಿ ಅಂತ ಹುಡುಕಿದವರಷ್ಟೇ ಸಾಲದು, ಗೋವಾ ಅಂತ ಹುಡುಕಿದವರೂ ಬೇಕು. “ನಿಮಗ ಗೊತ್ತಿಲ್ಲದ ವಿದ್ಯಾ ಅಲ್ಲ ಬಿಡ್ರಿ ಮೇಡಂ” ಎಂದು ಉಬ್ಬಿಸಿದರು. ನಾನೂ ಉಬ್ಬಿದೆ. ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ ‘ಗೋವಾ ಗೋವಾ’ ಎಂದು ಉದ್ದಕ್ಕೂ ಹೊಡೆದೆ. ಕಣ್ಣಿಗೆ ಕಾಣುವುದಿಲ್ಲ, ಯಂತ್ರ ಓದುತ್ತದೆ. ಕೆಲವು ವಾರ ಸೈಟು ಮೊದಲ ಸಾಲಿನಲ್ಲಿ ಮೆರೆಯಿತು. ಆಮೇಲೆ ಯಂತ್ರಕ್ಕೂ ಬುದ್ಧಿ ಬಂತು, ಸೈಟು ಪಟ್ಟಿಯಿಂದಲೇ ಹೊರಬಿತ್ತು. ಈಗ ದಾಂಡೇಲಿ ಅಂತ ಹುಡುಕಿದರೂ ಇಲ್ಲ. ಲಾಡ್ಜಿನವರು ಮಾಳಿಗೆ ಹತ್ತಿ ಬಂದು ಕೂಗಾಡಿದ್ದು ಕೆಳಗಿನ ಅಂಗಡಿಯ ಗಿರಾಕಿಗಳಿಗೆಲ್ಲ ಕೇಳಿಸಿತು. ಇದು ಬುದ್ಧಿವಂತಿಕೆಯಿಂದ ಆದ ತಪ್ಪು, ಇದಕ್ಕೆ ನಾನು ಅಷ್ಟೇನೂ ಬೇಸರಪಟ್ಟುಕೊಂಡಿಲ್ಲ. ಬೇಸರದ ತಪ್ಪು ಬೇರೆಯಿದೆ.

ಒಂದು ಸಂತೆಯ ದಿನ ತಲೆಯ ಮೇಲೆ ದೊಡ್ಡ ಗಂಟು ಹೊತ್ತ ಹೆಂಗಸೊಬ್ಬಳು ಮೆಟ್ಟಿಲು ಹತ್ತಿ ಬಂದಳು. ತೇರಗಾಂವದ ಹತ್ತಿರದ ಏಳೆಂಟು ಮನೆಗಳ ಕೇರಿಯವಳು, ಹೆಸರು ಲಕ್ಷ್ಮವ್ವ. ಗಂಟು ಬಿಚ್ಚಿ ನೆಲದ ಮೇಲೆ ಹಾಸಿದಳು. ಹಳೆಯ ಸೀರೆ, ಧೋತರ, ಲಂಗ, ಅಂಗಿಗಳ ತುಂಡುಗಳನ್ನು ಸೇರಿಸಿ ಹೊಲಿದ ಕೌದಿ. ಕೆಂಪು, ಹಳದಿ, ಗಿಣಿ ಹಸಿರು, ಅದರ ಮೇಲೆಲ್ಲ ಬಿಳಿ ದಾರದ ಸಣ್ಣ ಹೊಲಿಗೆ. ರಾಯರು ಚಪ್ಪಲಿ ಬಿಟ್ಟು ದೂರ ಸರಿದು ನಿಂತು ನೋಡಿದರು.

“ಬೆಳಗಾವಿ ಡಾಕ್ಟರಬಾಯಿ ಒಬ್ರು ಒಂದ್ ಒಯ್ದಾರ್ರಿ. ಇಂಥಾವು ಕಂಪ್ಯೂಟರಿನ್ಯಾಗ ಹಾಕಿದ್ರ ದೂರದ ಮಂದಿ ತಗೋತಾರ ಅಂದ್ರು. ಖರೇ ಏನ್ರಿ ಅಕ್ಕಾರ?” ಎಂದಳು.

“ಖರೇ ಐತಿ. ಆದ್ರ ಅವಸರ ಮಾಡಬಾರದು” ಎಂದೆ.

“ಅವಸರ ಐತ್ರಿ” ಎಂದು ಅವಳು ಕೂತೇ ಬಿಟ್ಟಳು. ಪ್ರತಿವರ್ಷ ದೀಪಾವಳಿ ಮುಗಿದ ಕೂಡಲೇ ಕಬ್ಬು ಕಡಿಯುವ ಗ್ಯಾಂಗಿನ ಲಾರಿ ಕೇರಿಗೆ ಬರುತ್ತದೆ. ಗಂಡ ಹೆಂಡತಿ ಜೋಡಿಯಾಗಿ ಹೋಗಬೇಕು. ಜೋಡಿ ಇಲ್ಲದವರನ್ನು ಹತ್ತಿಸಿಕೊಳ್ಳುವುದಿಲ್ಲ. ಮಕ್ಕಳನ್ನು ಎಲ್ಲಿ ಬಿಡುವುದು? ಜೊತೆಗೇ ಹೊರಡಬೇಕು. ಲಕ್ಷ್ಮವ್ವನ ಮಗಳು ಸಾವಿತ್ರಿ ಆಗ ಏಳನೇತ್ತಾ, ಅಂದರೆ ಏಳನೆಯ ತರಗತಿ. ಹಿಂದಿನ ಎರಡು ವರ್ಷವೂ ಅರ್ಧಕ್ಕೇ ಸಾಲಿ ಬಿಟ್ಟು ಕಬ್ಬಿನ ಗದ್ದೆಗೆ ಹೋಗಿ ಬಂದವಳು. ಮತ್ತೊಮ್ಮೆ ಹೋದರೆ ಹೆಸರು ತೆಗೆಯುತ್ತೇನೆ ಎಂದು ಮಾಸ್ತರರು ಹೇಳಿಬಿಟ್ಟಿದ್ದರು. ಲಾರಿ ಬರುವುದರೊಳಗೆ ಎರಡು ಮೂರು ಕೌದಿಗೆ ಬೇಡಿಕೆ ಬಂದರೆ ಸಾಕು, ಊರಲ್ಲೇ ನಿಲ್ಲಬಹುದು. ಇದು ಅವಳ ವಿಚಾರ.

ರಾಯರು ಹೂಂ ಎಂದರು. ನಮ್ಮ ಕೆಲಸಕ್ಕೆ ಪ್ರತಿಯಾಗಿ ರಾಯರ ಹೆಂಡತಿಗೆ ಒಂದು ಕೌದಿ, ಅಷ್ಟೇ.

ಫೋಟೊ ತೆಗೆದೆ. ವಿವರಣೆಯನ್ನು ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. “ನಿಮ್ಮ ಕೌದಿದು ವಿಶೇಷ ಏನು?” ಎಂದು ಕೇಳಿದೆ. ಬಣ್ಣ, ದಾರ, ಅಳತೆ ಹೇಳುತ್ತಾಳೆ ಎಂದುಕೊಂಡಿದ್ದೆ.

“ಅಕ್ಕಿ ರೀ” ಎಂದಳು.

“ಏನು?”

“ಕೌದಿ ಪೂರಾ ಮುಚ್ಚೂಕಿಂತ ಮದಲ ನಟ್ಟನಡುವ ನಾಕ ಕಾಳ ಅಕ್ಕಿ ಇಡ್ತೇವ್ರಿ. ಅದು ಕೌದಿ ಹೊಟ್ಟಿ. ಹಸದ ಹೊಟ್ಟಿಲೆ ಇದ್ದ ಕೌದಿ ಮತ್ತೊಬ್ಬರನ್ನ ಹೆಂಗ ಬೆಚ್ಚಗ ಇಟ್ಟೀತು? ನಮ್ಮವ್ವ ಹಂಗ ಮಾಡತಿದ್ಲು, ಅಕಿ ಅವ್ವನೂ ಹಂಗ ಮಾಡತಿದ್ಲು. ಇದನ್ನ ಬರೀರಿ.”

ರಾಯರಿಗೆ ಇದು ಸರಿಬರಲಿಲ್ಲ. “ಅಕ್ಕಿ ಅಂತ ಬರದ್ರ ಕೌದಿಗೆ ಹುಳಾ ಬೀಳ್ತದ ಅಂತ ತಿಳೀತಾರ. ತಗದ ಹಾಕು” ಎಂದು ನನ್ನ ಕಿವಿಯಲ್ಲಿ ಹೇಳಿದರು. ನನಗೂ ಹಾಗೇ ಅನಿಸಿತ್ತು. ಆ ಮಾತನ್ನು ಯಾರೂ ಹುಡುಕುವುದಿಲ್ಲ, ಹುಡುಕುವ ಮಾತು ‘ಕೈ ಹೊಲಿಗೆ’, ‘ಭಾರತ’, ‘ಹಾಸಿಗೆ ಹೊದಿಕೆ’. ಅವನ್ನೆಲ್ಲ ಮೇಲೆ ಇಟ್ಟೆ. ಕೊನೆಯ ಫೋಟೊದ ಕೆಳಗೆ ಜಾಗ ಖಾಲಿ ಕಾಣುತ್ತಿತ್ತು, ಅಲ್ಲಿ ಲಕ್ಷ್ಮವ್ವನ ಅಕ್ಕಿಯ ಮಾತನ್ನು ಅವಳು ಹೇಳಿದ ಹಾಗೆಯೇ ಇಂಗ್ಲಿಷಿಗೆ ಇಳಿಸಿ ತುಂಬಿದೆ. ಅವಳ ಸಮಾಧಾನಕ್ಕೆ, ಮತ್ತು ಜಾಗ ತುಂಬಲಿಕ್ಕೆ. ಸತ್ಯ ಹೇಳಬೇಕಲ್ಲ.

ಸೈಟು ತಯಾರಾದಾಗ ಆಷಾಢ. ರಾಯರು ಹೌಹಾರಿದರು. “ಆಷಾಢದಾಗ ಹೊಸಾ ಹೆಸರು ಹಚ್ಚೂದ? ಆ ಹೆಣ್ಣಮಗಳದು ಮೊದಲನೇ ಉದ್ಯೋಗ. ಶ್ರಾವಣ ಬರ್ಲಿ.”

“ರಾಯರ, ಪುಟ ಆಗಲೇ ಏರಿಸೇನಿ. ನಾವು ಅರ್ಜಿ ಹಾಕದಿದ್ರೂ ಯಂತ್ರ ತಾನ ಬಂದು ಓದಿದ್ರ?”

“ಅದನ್ನ ಬಾಗಲದಾಗ ನಿಲ್ಲಸು.”

ನಿಲ್ಲಿಸಲು ದಾರಿಯೂ ಇತ್ತು. ಸೈಟಿನ ಬಾಗಿಲಲ್ಲಿ ಒಂದು ಸಣ್ಣ ಕಡತ ಇಡುವುದು. ಎರಡೇ ಸಾಲು. ಯಾವ ಯಂತ್ರವೇ ಬರಲಿ, ಒಳಗೆ ಕಾಲಿಡಬಾರದು ಎಂದು ಅದರ ಅರ್ಥ. ಮನುಷ್ಯರು ನೋಡಿದರೆ ಸೈಟು ಎಂದಿನಂತೆ ಕಾಣುತ್ತದೆ. ಯಂತ್ರ ಮಾತ್ರ ಆ ಎರಡು ಸಾಲು ಓದಿ ಮರ್ಯಾದೆಯಿಂದ ಹಿಂದಿರುಗುತ್ತದೆ. ಇಟ್ಟೆ. ರಾಯರಿಗೆ ಪರಮ ಸಂತೋಷವಾಯಿತು. ಆಷಾಢಕ್ಕೆ ಮರ್ಯಾದೆ ಕೊಡುವ ಯಂತ್ರ ಎಂದು ಅದರ ಮೇಲೆ ಗೌರವವೇ ಹುಟ್ಟಿತು.

ಶ್ರಾವಣದ ಒಂದು ಶುಕ್ರವಾರ ಬೆಳಿಗ್ಗೆ ಮುಹೂರ್ತ. ಲಕ್ಷ್ಮವ್ವ, ಗಂಡ ಬಸಪ್ಪ, ಎರಡು ಜಡೆಗೆ ರಿಬ್ಬನ್ ಕಟ್ಟಿದ ಸಾವಿತ್ರಿ, ಜೊತೆಗೆ ಕೇರಿಯ ನಾಲ್ಕು ಹೆಂಗಸರು ಬಂದಿದ್ದರು. ರಾಯರು ಮಾನಿಟರಿನ ಗಾಜಿಗೇ ಕುಂಕುಮ ಹಚ್ಚಿದರು, ಅದು ಮುಂದೆ ಒಂದು ವರ್ಷ ಹೋಗಲಿಲ್ಲ. ಮೆಟ್ಟಿಲ ಮೇಲೆ ಕಾಯಿ ಒಡೆದರು. ಅರ್ಜಿಯ ಕೊನೆಯ ಗುಂಡಿಯನ್ನು ಲಕ್ಷ್ಮವ್ವನ ಕೈಯಿಂದಲೇ ಒತ್ತಿಸಿದರು. ಅವಳು ಕಣ್ಣು ಮುಚ್ಚಿ ಒತ್ತಿದಳು. ಅಷ್ಟರಲ್ಲಿ ಕರೆಂಟು ಹೋಯಿತು. ಎಲ್ಲರೂ ಪೇಢೆ ತಿಂದು, ಅರ್ಜಿ ಮುಟ್ಟಿತೋ ಇಲ್ಲವೋ ಎಂದು ಗದ್ದಲ ಮಾಡಿದರು. ಕರೆಂಟು ಬಂದ ಮೇಲೆ ಅರ್ಜಿಯನ್ನು ಇನ್ನೊಮ್ಮೆ ಕಳಿಸಿದೆ. ಮನೆಗೆ ಹೋದೆ.

ಬಾಗಿಲಲ್ಲಿಟ್ಟ ಆ ಎರಡು ಸಾಲಿನ ಕಡತವನ್ನು ತೆಗೆಯಲು ಮರೆತೆ.

ಮುಂದಿನ ಸಂತೆಗೆ ಲಕ್ಷ್ಮವ್ವ ಬಂದಳು. “ಬಂತೇನ್ರಿ?” ಬಂದಿರಲಿಲ್ಲ. ಅದರ ಮುಂದಿನ ಸಂತೆಗೂ, “ಬಂತೇನ್ರಿ?” ಗಣೇಶ ಚೌತಿ ಹೋಯಿತು, ಮಹಾನವಮಿ ಹೋಯಿತು. ನಾನು ತಲೆಬರಹ ಬದಲಿಸಿದೆ, ವಿವರಣೆ ತಿದ್ದಿದೆ, ಅರ್ಜಿಯ ಮೇಲೆ ಅರ್ಜಿ ಹಾಕಿದೆ. ನಮ್ಮ ಪರದೆಯ ಮೇಲೆ ಸೈಟು ಚೆನ್ನಾಗಿಯೇ ತೆರೆಯುತ್ತಿತ್ತು, ಹುಡುಕಿದರೆ ಮಾತ್ರ ಎಲ್ಲೂ ಇಲ್ಲ. ಸಾಮಾನ್ಯವಾಗಿ ನನಗೆ ಗೊತ್ತಾಗದ ವಿಷಯ ಎದುರಾದರೆ ನನಗೆ ಸಿಟ್ಟು ಬರುತ್ತದೆ. ಒಂದು ಸಂತೆಯ ದಿನ ಅವಳು ಬಾಗಿಲಿಗೆ ಬಂದು ನಿಲ್ಲುತ್ತಲೇ, ಬಾಯಿ ತೆರೆಯುವ ಮೊದಲೇ ನಾನು ಅಂದುಬಿಟ್ಟೆ:

“ಎಷ್ಟ್ ಸಲಾ ಕೇಳ್ತಿ ಲಕ್ಷ್ಮವ್ವಾ? ಮಂದಿಗೆ ಕೌದಿ ಬ್ಯಾಡಾಗೇತಿ. ಈಗ ಎಲ್ಲಾರೂ ಮಿಲ್ಲಿನ ರಗ್ಗು ಹೊತ್ಕೊಳ್ಳೋರು. ನಾ ಏನ್ ಮಾಡ್ಲಿ?”

ಅವಳು “ಹೌದೇನ್ರಿ” ಎಂದು ಇಳಿದು ಹೋದಳು. ಮುಂದಿನ ಸಂತೆಗೆ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ.

ದೀಪಾವಳಿ ಇನ್ನೇನು ಬಂತು ಅನ್ನುವಾಗ ಮುಂಡಗೋಡ ತಾಲೂಕಿನ ಚಿಗಳ್ಳಿಯಿಂದ ಒಬ್ಬ ಬೀಜದ ವ್ಯಾಪಾರಿ ಸೈಟು ಮಾಡಿಸಲು ಬಂದರು. ಮೊದಲಿನಿಂದ ಯಾರು ಬರೆಯುತ್ತಾರೆ ಎಂದು ಕೌದಿಯ ಸೈಟನ್ನೇ ನಕಲು ಮಾಡಿ ಹೆಸರು ಬದಲಿಸಲು ಕೂತೆ. ಕಡತಗಳನ್ನು ಒಂದೊಂದಾಗಿ ಎತ್ತಿಡುವಾಗ ಆ ಸಣ್ಣ ಕಡತ ಕೈಗೆ ಬಂತು. ತೆರೆದೆ. ಎರಡು ಸಾಲು. ಇಷ್ಟು ದಿನ ಯಂತ್ರ ಬಂದು ಬಂದು ಬಾಗಿಲಿನಿಂದಲೇ ತಿರುಗಿ ಹೋಗಿತ್ತು. ನಾನೇ ಹೊರಗೆ ನಿಲ್ಲಿಸಿ, ಒಳಗಿದ್ದವಳನ್ನು ಬೈದಿದ್ದೆ.

ರಾಯರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

“ಈಗ ತಗೀಲೇನ್ರಿ? ಮುಹೂರ್ತ ನೋಡ್ತೀರೇನು?” ಎಂದೆ. ಆ ಹೊತ್ತಿನಲ್ಲೂ ನನ್ನ ನಾಲಿಗೆ ಸುಮ್ಮನಿರಲಿಲ್ಲ.

“ರಾಹುಕಾಲ ನಡದದ. ನಡೀಲಿ. ಈಗಿಂದೀಗ ತಗೀ” ಎಂದರು ರಾಯರು. ಪಂಚಾಂಗವನ್ನು ಮೊಳೆಯಿಂದ ತೆಗೆದು ಮೇಜಿನ ಖಾನೆಯಲ್ಲಿಟ್ಟರು. “ಆಮ್ಯಾಲೆ ತೇರಗಾಂವಕ್ಕ ಹೋಗು. ತಪ್ಪು ನಮ್ಮಿಬ್ಬರದು ಅಂತ ಹೇಳು. ನಾನೂ ಬರತಿದ್ದೆ, ಮಂಡಿ ಏಳೂದಿಲ್ಲ.”

ಬಸ್ಸಿಳಿದು ಕೇರಿಗೆ ನಡೆದು ಹೋದೆ. ಅಂಗಳಗಳಲ್ಲಿ ಗಂಟುಗಳು ಸಿದ್ಧವಾಗುತ್ತಿದ್ದವು. ಪಾತ್ರೆ, ಜೋಳದ ಹಿಟ್ಟು, ಕುಡಗೋಲು. ಲಾರಿ ಬರಲು ಇನ್ನು ಐದೇ ದಿನ. ಲಕ್ಷ್ಮವ್ವ ತಗಡಿನ ಡಬ್ಬಿಗೆ ಹಗ್ಗ ಬಿಗಿಯುತ್ತಿದ್ದಳು. ಸಾವಿತ್ರಿಯ ಪಾಟಿಚೀಲ ಗೂಟಕ್ಕೆ ಹಾಗೇ ನೇತುಬಿದ್ದಿತ್ತು. ನಾನು ನಿಂತಲ್ಲೇ ನಿಂತು ಹೇಳಿದೆ. ಕಡತ, ಆಷಾಢ, ಮರೆವು, ಎಲ್ಲ. ಅವಳಿಗೆ ತಿಳಿಯುವ ಹಾಗೆ ಹೇಳಬೇಕೆಂದು ಎರಡೆರಡು ಸಲ ಹೇಳಿದೆ. ಅವಳಿಗೆ ಮೊದಲ ಸಲಕ್ಕೇ ತಿಳಿದಿತ್ತು.

“ಅಂದ್ರ ನೀವ ಬಾಗಲಾ ಹಾಕ್ಕೊಂಡು ಕುಂತು, ಯಾರೂ ಬರ್ಲಿಲ್ಲ ಅಂದ್ರಿ” ಎಂದಳು.

“ಹೌದವ್ವಾ.”

“ನಿನ್ನ ಕೌದಿ ಯಾರಿಗೂ ಬ್ಯಾಡ ಅಂದ್ರಲ್ರಿ ಅಕ್ಕಾರ. ಅವತ್ತಿಂದ ನಾ ಸೂಜಿ ಹಿಡದಿಲ್ಲ. ನಮ್ಮವ್ವ ಸತ್ತಾಗೂ ಹನ್ನೆರಡ ದಿನಕ್ಕ ಹಿಡದಿದ್ದೆ.”

ನನಗೆ ಅಳು ಬಂತು. ಇಪ್ಪತ್ತು ವರ್ಷದ ಮೇಲೆ ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅವಳು ಚಹಾ ಕಾಸಿ ಕೊಟ್ಟಳು. ಕೊಟ್ಟು ಕೇಳಿದಳು: “ಈಗ ಬಾಗಲಾ ತಗದೀರಿ. ಲಾರಿ ಬರೂದ್ರಾಗ ಯಾರರ ಬರತಾರೇನ್ರಿ?”

ಬರುತ್ತಾರೆ ಎಂದು ಹೇಳಿ ಎದ್ದು ಬಿಡಬಹುದಿತ್ತು. ಆದರೆ ಇನ್ನೊಂದು ಸುಳ್ಳಿಗೆ ನನ್ನಲ್ಲಿ ಧೈರ್ಯ ಉಳಿದಿರಲಿಲ್ಲ. “ಗೊತ್ತಿಲ್ಲ ಲಕ್ಷ್ಮವ್ವ. ಯಂತ್ರ ಮತ್ತ ಯಾವಾಗ ಈ ಕಡೆ ಹಾಯತೈತಿ ಹೇಳಾಕ ಬರೂದಿಲ್ಲ. ತಿಂಗಳ ಹಿಡೀಬಹುದು. ಬಂದ್ರೂ ಗಿರಾಕಿ ಬರತಾರ ಅಂತ ಇಲ್ಲ. ಆದ್ರ ಕೌದಿ ಚಲೋ ಐತಿ. ಅವತ್ತ ನಾ ಅಂದಿದ್ದು ಸುಳ್ಳು.”

ಬಸಪ್ಪ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿದ್ದ. “ನೀ ನಿಂತ್ರ ನನ್ನೂ ಹತ್ತಿಸ್ಕೊಳ್ಳೂದಿಲ್ಲ, ತಿಳದೈತಿಲ್ಲೋ?” ಎಂದ.

“ತಿಳದೈತಿ” ಎಂದು ಅವಳು ಡಬ್ಬಿಯ ಹಗ್ಗವನ್ನು ನಿಧಾನವಾಗಿ ಬಿಚ್ಚತೊಡಗಿದಳು. ಡಬ್ಬಿಯ ತಳದಿಂದ ಸೂಜಿ ದಾರ ಹೊರಗೆ ತೆಗೆದಳು. ಬಸಪ್ಪ ಅದನ್ನು ನೋಡಿದ, ಬೀಡಿ ಆರಿಸಿದ. “ಭತ್ತದ ಕೊಯ್ಲಿಗೆ ಇಲ್ಲೇ ಯಾರರ ಕರೀತಾರೇನ್ ನೋಡ್ತೇನಿ” ಎಂದು ಎದ್ದು ಹೋದ. ಅವರ ಜಗಳ ಅಷ್ಟೇ, ಅವರ ತೀರ್ಮಾನವೂ ಅಷ್ಟೇ.

ಲಾರಿ ಬಂತು, ಕೇರಿಯ ಉಳಿದವರು ಹತ್ತಿ ಹೋದರು. ಅಲ್ಲಿಂದ ಮುಂದೆ ನಾನು ದಿನಾ ಬೆಳಿಗ್ಗೆ ಆಫೀಸಿನ ಬೀಗ ತೆಗೆದ ಕೂಡಲೇ ಹುಡುಕುತ್ತಿದ್ದೆ. ಹದಿನೆಂಟನೆಯ ದಿನ ಹೆಸರು ಕಂಡಿತು, ಮೂರನೆಯ ಪುಟದ ಕೆಳಗೆ. ನಾನು ಕುರ್ಚಿಯಿಂದ ಎದ್ದು ನಿಂತೆ. ರಾಯರು “ಹಾಜರಿ ಬಿತ್ತು ನೋಡು” ಎಂದರು. ಆದರೆ ಹಾಜರಿ ಬಿದ್ದರೆ ಆಯಿತೇ? ಯಾರಾದರೂ ಕರೆಯಬೇಕಲ್ಲ. ಎಳ್ಳಮಾವಾಸ್ಯೆ ಬರುವವರೆಗೂ ಒಂದು ಪತ್ರವಿಲ್ಲ. ಬಸಪ್ಪನಿಗೆ ವಾರದಲ್ಲಿ ಎರಡು ದಿನ ಕೂಲಿ ಸಿಕ್ಕರೆ ಹೆಚ್ಚು ಎಂಬ ಸುದ್ದಿ ಬರುತ್ತಿತ್ತು. ಲಕ್ಷ್ಮವ್ವ ಮಾತ್ರ ಸಂತೆಗೆ ಬಂದರೂ ಮಾಳಿಗೆ ಹತ್ತುತ್ತಿರಲಿಲ್ಲ. ಕೆಳಗಿನಿಂದಲೇ ಮುಖ ಎತ್ತಿ ನೋಡುತ್ತಿದ್ದಳು, ನಾನು ಕಿಟಕಿಯಿಂದ ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದೆ.

ಇ-ಮೇಲಿನಲ್ಲಿ ಪತ್ರ ಬಂದದ್ದು ಎಳ್ಳಮಾವಾಸ್ಯೆ ಕಳೆದು ಎರಡು ದಿನಕ್ಕೆ. ನಾಗಪುರದ ಯಾರೋ ಗೃಹಸ್ಥರು. ಅಜ್ಜಿ ಈ ಕಡೆಯವಳಂತೆ, ಯಾವ ಊರೆಂದು ಅವರಿಗೇ ಗೊತ್ತಿಲ್ಲ. ಅವಳ ಹಳೆಯ ಕೌದಿ ಹರಿದಿತ್ತು, ರಿಪೇರಿ ಮಾಡಿಸಲೆಂದು ಹೊಲಿಗೆ ಬಿಚ್ಚಿದರೆ ನಡುವಿನಿಂದ ನಾಲ್ಕು ಅಕ್ಕಿಕಾಳು ಉದುರಿದವು. ಮನೆಯಲ್ಲಿ ಯಾರಿಗೂ ಅದೇನೆಂದು ತಿಳಿಯಲಿಲ್ಲ. ‘ಹಳೆಯ ಕೌದಿಯೊಳಗೆ ಅಕ್ಕಿ ಯಾಕೆ’ ಎಂದು ಅವರು ಇಂಗ್ಲಿಷಿನಲ್ಲಿ ಹುಡುಕಿದ್ದಾರೆ. ಎಷ್ಟು ಹುಡುಕಿದರೂ ಸಿಕ್ಕಿದ್ದು ನಮ್ಮ ಒಂದೇ ಪುಟ. ಹರಿದದ್ದನ್ನು ಹೊಲಿದು ಕೊಡುವಿರಾ, ಜೊತೆಗೆ ನಮ್ಮ ಮೂವರು ಅಕ್ಕತಂಗಿಯರಿಗೆ ಒಂದೊಂದು ಹೊಸದು ಮಾಡಿಕೊಡುವಿರಾ ಎಂದು ಕೇಳಿದ್ದರು.

ನಾನು ಮೇಲಿಟ್ಟ ಮಾತುಗಳಲ್ಲಿ ಒಂದೂ ಕೆಲಸಕ್ಕೆ ಬಂದಿರಲಿಲ್ಲ. ಜಾಗ ತುಂಬಲು ಹಾಕಿದ್ದ ಮಾತು ಬಂದಿತ್ತು. ಈ ಕೆಲಸಕ್ಕೆ ಬರುವ ಮಕ್ಕಳಿಗೆ ನಾನು ಹೇಳುವುದು ಇದೊಂದೇ: ಕೆಲಸ ಮಾಡಿಸಲು ಬಂದವರು ‘ಇದನ್ನ ಬರೀರಿ’ ಎಂದು ಒತ್ತಿ ಹೇಳಿದರೆ ಬರೆಯಿರಿ. ಆಮೇಲೆ ಬಾಗಿಲಲ್ಲಿಟ್ಟ ಕಡತವನ್ನು ಒಮ್ಮೆ ನೋಡಿರಿ.

ಒಂದು ಪತ್ರದಿಂದ ಕೇರಿಯ ಬದುಕೇ ಬದಲಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮರುವರ್ಷವೂ ಲಾರಿ ಬಂತು, ಹತ್ತುವವರು ಹತ್ತಿದರು. ಆದರೆ ಆ ಬೇಸಿಗೆಯಲ್ಲಿ ಸಾವಿತ್ರಿ ಏಳನೇತ್ತಾ ಪರೀಕ್ಷೆಗೆ ಕೂತಳು, ಪಾಸಾದಳು, ಮುಂದೆ ಹೈಸ್ಕೂಲಿಗೆ ಅವಳ ಹೆಸರು ಹಚ್ಚಿದರು.

ಪತ್ರ ಬಂದ ದಿನ ಸಂತೆಯೇ. ನಾನು ಕಿಟಕಿಯಿಂದ ಕೂಗಿದೆ, ಇಡೀ ಪೇಟೆಗೆ ಕೇಳುವ ಹಾಗೆ. ಲಕ್ಷ್ಮವ್ವ ಎರಡೆರಡು ಮೆಟ್ಟಿಲು ದಾಟುತ್ತ ಹತ್ತಿ ಬಂದಳು. ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದೆ. ಮೂರು ಹೊಸ ಕೌದಿ ಎಂದಾಗ ರಾಯರು ಚಪ್ಪಾಳೆ ತಟ್ಟಿದರು. ಅವಳು ಚಪ್ಪಾಳೆ ಕೇಳಿಸಿಕೊಂಡಂತೆ ಕಾಣಲಿಲ್ಲ.

“ಆ ಅಕ್ಕಿ ಏನ್ ಮಾಡ್ಯಾರಂತ್ರಿ?” ಎಂದಳು.

ಪತ್ರವನ್ನು ಮತ್ತೆ ನೋಡಿದೆ. “ಒಂದು ಡಬ್ಬಿಯೊಳಗ ತಗದಿಟ್ಟಾರಂತ.”

“ಕೌದಿ ಕಳಸೂ ಮುಂದ ಆ ಅಕ್ಕೀನೂ ಕಳಸಾಕ ಹೇಳ್ರಿ. ಒಂದ್ ಕಾಳೂ ಕಡಿಮಿ ಆಗಬಾರದು. ಹೊಸಾ ಅಕ್ಕಿ ನಮ್ಮಲ್ಲಿ ಐತಿ, ಖರೇ. ಆದ್ರ ಆ ಕೌದಿ ಉಂಡಿದ್ದು ಅದು” ಎಂದಳು. ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕೂತು ಪರದೆಯ ಕಡೆ ಕೈ ತೋರಿಸಿದಳು. “ಉಳದದ್ದೆಲ್ಲಾ ಆಮ್ಯಾಲೆ ಬರದ್ರಾತು. ಮದಲ ಇದನ್ನ ಬರೀರಿ.”

ಬರೆದೆ.